ಕೋಟಿನ ಎಡತೋಳು

“ಯಾವುದಕ್ಕೆ ಕಾಯುತ್ತಿದ್ದೀರಿ?” ಎಂದು ನಿರ್ದೇಶಕಿ ಮತ್ತೊಮ್ಮೆ ಕೇಳಿದಳು.

ಕೇಳಿದ್ದು ಇಂಗ್ಲಿಷಿನಲ್ಲಿ, ಅದೂ ನಗುನಗುತ್ತ. ಈ ದೇಶದವರ ನಗುಮುಖದ ಬೇಸರ ಎಂಥದ್ದೆಂದು ವೇಣುಗೋಪಾಲನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೈದರ್ಸ್‌ಬರ್ಗ್‌ನ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದು ಅರ್ಧ ಆಯುಸ್ಸನ್ನು ಮೀಟಿಂಗುಗಳಲ್ಲೇ ಕಳೆದವನು ಅವನು. “ಸಾರಿ, ಇನ್ನೊಂದು ಸಲ ಮಾಡ್ತೀವಿ,” ಎಂದು ತಾನೂ ನಕ್ಕ. ಪಕ್ಕದಲ್ಲಿದ್ದ ಕೃಷ್ಣಸ್ವಾಮಿ ನಗಲಿಲ್ಲ. ಅವನು ನಗುವುದು ಕಡಿಮೆಯೇ.

ಪಕ್ಕದಲ್ಲಿದ್ದ ಎಂದರೆ ತೀರ ಪಕ್ಕದಲ್ಲಿ. ಇಬ್ಬರೂ ಒಂದೇ ಕೋಟಿನೊಳಗಿದ್ದರು. ಕೋಟಿನ ಎಡತೋಳಿನಲ್ಲಿ ವೇಣುವಿನ ಎಡಗೈ, ಬಲತೋಳಿನಲ್ಲಿ ಕಿಟ್ಟುವಿನ ಬಲಗೈ. ಕೃಷ್ಣಸ್ವಾಮಿಯನ್ನು ಕಿಟ್ಟು ಎಂದು ಕರೆಯುವವರು ಅವನ ತಾಯಿ ಹೋದಮೇಲೆ ವೇಣು ಮತ್ತು ವೇಣುವಿನ ಮನೆಯವರು ಮಾತ್ರ. ಅಟ್ಲಾಂಟಾದ ಹೊರವಲಯದ ಒಂದು ಹಳೆಯ ಮೋಟೆಲ್ಲಿನ ಮುಂಗೋಣೆಯಲ್ಲಿ, ಉರಿಯುವ ದೀಪಗಳ ನಡುವೆ, ಧ್ವನಿಗೆ ಅಡ್ಡಿಯೆಂದು ಏಸಿ ಕೂಡ ನಿಲ್ಲಿಸಿದ ಸೆಕೆಯಲ್ಲಿ, ಬೆಳಗಿನಿಂದ ಇಬ್ಬರೂ ಹೀಗೆ ಅಂಟಿಕೊಂಡು ನಿಂತಿದ್ದರು.

ನಿರ್ದೇಶಕಿಯ ಪ್ರಶ್ನೆಗೆ ವೇಣುವಿನ ಹತ್ತಿರ ಉತ್ತರವಿತ್ತು. ಹೇಳಿಕೊಳ್ಳಲು ನಾಚಿಕೆಯಾಯಿತು, ಅಷ್ಟೇ. ಅವನು ಕಾಯುತ್ತಿದ್ದುದು ನಗುವಿಗೆ.

ಆ ಕೋಟಿನ ಒಳಗುಟ್ಟು ಹೀಗಿತ್ತು. ಹೊರಗೆ ಕಾಣುವುದು ಎರಡು ಕೈ. ಕಾಣದಿರುವ ವೇಣುವಿನ ಬಲಗೈ ಒಳಗಿಂದ ಕಿಟ್ಟುವಿನ ಬೆನ್ನ ಹಿಂದೆ ಹೋಗಿ ಅವನ ಶರ್ಟನ್ನು ಮುಷ್ಟಿಯಲ್ಲಿ ಹಿಡಿದಿರುತ್ತಿತ್ತು. ವೇಣು ತನ್ನ ಉದ್ದದ ಮಾತನ್ನು ಬಡಬಡ ಆಡಿ ಮುಗಿಸುತ್ತಿದ್ದಂತೆ ಸಭೆಯಲ್ಲಿ ನಗು ಏಳುತ್ತದೆ. ಆ ನಗುವಿನಲ್ಲಿ ಕಿಟ್ಟುವಿನ ಒಂದು ಸಾಲಿನ ಉತ್ತರ ಮುಳುಗಿಹೋಗಬಾರದು. ಆದ್ದರಿಂದ ಶರ್ಟು ಹಿಡಿದಿರುವ ತನಕ ಕಿಟ್ಟು ಬಾಯಿ ಬಿಡುವಂತಿಲ್ಲ. ನಗು ಇಳಿದು, ಪೂರ್ತಿ ನಿಲ್ಲುವುದಕ್ಕೆ ಮೊದಲು ವೇಣು ಮುಷ್ಟಿ ಸಡಿಲಿಸಬೇಕು, ಕಿಟ್ಟು ಮಾತಾಡಬೇಕು. ಇಪ್ಪತ್ತು ವರ್ಷ ಅಮೆರಿಕದ ಪೂರ್ವ ಕರಾವಳಿಯ ಕನ್ನಡ ಸಂಘಗಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದೆಲ್ಲ ಈ ಮುಷ್ಟಿಯ ಲೆಕ್ಕಾಚಾರದಲ್ಲಿ ಎಂದು ವೇಣು ನಂಬಿದ್ದ. ಕಿಟ್ಟುವೂ ನಂಬಿದ್ದ ಎಂದೂ ನಂಬಿದ್ದ.

ಆದರೆ ಇಲ್ಲಿ ನಗುವಂತಿಲ್ಲ. ಮೈಕು ಹಿಡಿದವರು, ದೀಪ ಹಿಡಿದವರು, ಬಾಗಿಲಲ್ಲಿ ಸುಮ್ಮನೆ ನಿಂತವರು, ಯಾರೂ ಉಸಿರೆತ್ತುವಂತಿಲ್ಲ. ವೇಣು ಮಾತು ಮುಗಿಸುತ್ತಾನೆ, ಕೋಣೆಯಲ್ಲಿ ಸ್ಮಶಾನಮೌನ. ನಗು ಏಳದ ಮೇಲೆ ಇಳಿಯುವುದೆಲ್ಲಿ ಬಂತು? ಮುಷ್ಟಿ ಸಡಿಲವಾಗುವುದೇ ಇಲ್ಲ. ಬಿಡಬೇಕೆಂದು ತಲೆ ಹೇಳಿದರೂ ಕೈ ಕೇಳುವುದಿಲ್ಲ. ಕಿಟ್ಟು ತುಟಿ ಬಿಗಿದು ನಿಂತಿರುತ್ತಾನೆ. ನಿರ್ದೇಶಕಿ ‘ಕಟ್’ ಎನ್ನುತ್ತಾಳೆ.

“ಬಿಡೋ ಮಾರಾಯ, ಶರ್ಟು,” ಎಂದು ಕಿಟ್ಟು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. “ಇಲ್ಲಿ ಯಾರೂ ನಗಲ್ಲ.”

“ಗೊತ್ತು ಕಣೋ. ಈ ಸಲ ಬಿಡ್ತೀನಿ.”

ಈ ಸಲವೂ ಬಿಡಲಿಲ್ಲ.

*

ಈ ಕೋಟು ಹುಟ್ಟಿದ್ದೇ ಒಂದು ಮರೆವಿನಿಂದ. ಬಹಳ ಹಿಂದೆ, ಗೈದರ್ಸ್‌ಬರ್ಗ್‌ನ ಒಂದು ಶಾಲೆಯಲ್ಲಿ ಸಂಘದ ಯುಗಾದಿ. ಹೆಣ್ಣು ನೋಡಲು ಹೋಗುವ ಅಣ್ಣತಮ್ಮಂದಿರ ಪ್ರಹಸನ. ಆಗಿನ್ನೂ ಹೊಲಗದ್ದೆಯಂತಿದ್ದ ಆಲ್ಡಿಯಲ್ಲಿ ಹೊಸ ಮನೆ ಕೊಂಡಿದ್ದ ಕಿಟ್ಟು, ಅಲ್ಲಿಂದ ಬರುವಾಗ ತನ್ನ ಕೋಟು ಮರೆತು ಬಂದಿದ್ದ. ಪರದೆ ಏಳುವ ಹೊತ್ತು. ವೇಣು ಹಿಂದೆಮುಂದೆ ನೋಡದೆ ತನ್ನ ದೊಗಳೆ ಕೋಟಿನೊಳಕ್ಕೆ ಅವನನ್ನೂ ಎಳೆದುಕೊಂಡು ವೇದಿಕೆಗೆ ನುಗ್ಗಿದ. “ಇಬ್ಬರಲ್ಲಿ ಹುಡುಗ ಯಾರು?” ಎಂದು ಹೆಣ್ಣಿನ ತಂದೆ ಕೇಳಿದಾಗ ವೇಣು ತಮ್ಮ ಮನೆತನ, ಓದು, ಮೈಸೂರಿನ ಸೈಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬಣ್ಣಿಸಿದ. ಕಿಟ್ಟು ಕೊನೆಯಲ್ಲಿ, “ಕೋಟು ಮಾತ್ರ ನಂದು,” ಎಂದ. ಜನ ಕುರ್ಚಿಯಿಂದ ಬೀಳುವುದೊಂದು ಬಾಕಿ.

ಮರುವರ್ಷಕ್ಕೆ ವೇಣುವಿನ ಹೆಂಡತಿ ಮೈಥಿಲಿ ಹಳೆಬಟ್ಟೆ ಅಂಗಡಿಯಿಂದ ಎರಡು ಕಂದು ಕೋಟು ತಂದು, ಬಿಚ್ಚಿ, ಒಂದು ಮಾಡಿ ಹೊಲಿದಳು. ಹಿಂಭಾಗದ ಒಳಬಟ್ಟೆಯಲ್ಲಿ ಒಂದು ಕೈ ತೂರುವಷ್ಟು ಸೀಳು ಬಿಟ್ಟಳು. “ನಿಮ್ಮ ಕೈ ಆಡಕ್ಕೆ ಜಾಗ ಬೇಕಲ್ವಾ?” ಎಂದಿದ್ದಳು. ಒಳಗಿನ ಆ ಮುಷ್ಟಿಯ ಸಂಗತಿ ಅವರಿಬ್ಬರನ್ನು ಬಿಟ್ಟರೆ ಗೊತ್ತಿದ್ದದ್ದು ಅವಳಿಗೊಬ್ಬಳಿಗೆ.

ವೇಣು ಮೈಸೂರಿನಲ್ಲಿ ಓದುವಾಗ ಕಾಲೇಜಿನ ಪ್ರತಿ ನಾಟಕದ ವಿದೂಷಕನಾಗಿದ್ದವನು. ಫೋಟೋ ಹೊಡೆಸಿಕೊಂಡು ಒಂದು ಇಡೀ ಬೇಸಿಗೆ ಬೆಂಗಳೂರಿನ ಧಾರಾವಾಹಿ ಆಫೀಸುಗಳ ಮೆಟ್ಟಿಲು ತುಳಿದಿದ್ದ. ‘ಹೇಳಿಕಳಿಸ್ತೀವಿ’ ಎಂದವರು ಯಾರೂ ಹೇಳಿಕಳಿಸಲಿಲ್ಲ. ಆಮೇಲೆ ಕೆಲಸ, ವೀಸಾ, ಮದುವೆ, ಮಗಳು ಶ್ರಾವಣಿ. ಸಿನಿಮಾದ ಆಸೆ ಸತ್ತಿದೆ ಎಂದುಕೊಂಡಿದ್ದ. ಸತ್ತಿರಲಿಲ್ಲ, ಪಾಪ. ಸಂಘದ ಸಮಾರಂಭಗಳಲ್ಲಿ ವರ್ಷಕ್ಕೆ ನಾಲ್ಕು ಸಲ ಊಟ ಮಾಡಿ ಜೀವ ಹಿಡಿದುಕೊಂಡಿತ್ತು.

ಕೋವಿಡ್ ಬಂದಾಗ ಆ ನಾಲ್ಕು ಊಟವೂ ನಿಂತಿತು. ಜೂಮಿನಲ್ಲಿ ಒಮ್ಮೆ ಪ್ರಯತ್ನಪಟ್ಟರು. ಅವನು ಗೈದರ್ಸ್‌ಬರ್ಗ್‌ನಲ್ಲಿ, ಕಿಟ್ಟು ಆಲ್ಡಿಯಲ್ಲಿ, ನೋಡುವವರೆಲ್ಲ ಮ್ಯೂಟಿನಲ್ಲಿ. ಮುಗಿದಮೇಲೆ ಚಪ್ಪಾಳೆಯ ಗೊಂಬೆಗಳು ತೆರೆಯ ತುಂಬ ಕುಣಿದವು. ವೇಣು ಕಂಪ್ಯೂಟರ್ ಮುಚ್ಚಿ ಹೋಗಿ ಗರಾಜಿನಲ್ಲಿ ಕೂತ. ಇನ್ನು ತನ್ನ ಕಥೆ ಮುಗಿಯಿತು ಎಂದು ಮೈಥಿಲಿಯ ಮುಂದೆ ಬಾಯಿಬಿಟ್ಟು ಹೇಳಿದ. ಅವಳು ಸಮಾಧಾನ ಹೇಳಲು ಹೋಗಲಿಲ್ಲ, ಕಾಫಿ ತಂದುಕೊಟ್ಟಳು.

ಹಾಗಾಗಿ, ಹಾಲುಗಳು ಮತ್ತೆ ತೆರೆದ ವರ್ಷದ ದೀಪಾವಳಿಯಲ್ಲಿ ಜನ ಕಣ್ಣೀರು ಬರುವಂತೆ ನಕ್ಕಾಗ, ಆ ನಗುವನ್ನು ಶ್ರಾವಣಿ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದಾಗ, ಅದು ಯಾರ್‍ಯಾರದೋ ಕೈದಾಟಿ ಅಟ್ಲಾಂಟಾದ ಸಿನಿಮಾ ಆಫೀಸೊಂದಕ್ಕೆ ತಲುಪಿ ಅಲ್ಲಿಂದ ಕರೆ ಬಂದಾಗ, ವೇಣುವಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಅಪ್ಪಾ, ದೇ ವಾಂಟ್ ಬೋತ್ ಆಫ್ ಯೂ!” ಎಂದು ಶ್ರಾವಣಿ ಫೋನಿನಲ್ಲಿ ಕಿರುಚಿದ್ದಳು. “ನೀನು, ಆಂಡ್ ಕಿಟ್ಟು ಅಂಕಲ್. ವಿತ್ ದ ಕೋಟ್!”

ಇಬ್ಬರನ್ನೂ. ಆ ಒಂದು ಮಾತಿಗಾಗಿ ಅವನು ಹೈಸ್ಕೂಲಿನ ಊಟದ ಹಾಲುಗಳಲ್ಲಿ, ದೇವಸ್ಥಾನಗಳ ನೆಲಮಾಳಿಗೆಗಳಲ್ಲಿ ಇಷ್ಟು ವರ್ಷ ಕುಣಿದಿದ್ದ. ವಾಟ್ಸ್ಯಾಪಿನ ಎಲ್ಲ ಗುಂಪುಗಳಲ್ಲೂ ಸುದ್ದಿ ಹಾಕಿದ. ಲ್ಯಾಬಿನಲ್ಲಿ, ತನ್ನ ಮಗಳ ವಯಸ್ಸಿನ ಮ್ಯಾನೇಜರಿಗೂ ಹೇಳಿದ. ಒಂದೇ ಒಂದು ಸಲ ಪರದೆಯ ಮೇಲೆ ಕಂಡರೆ ಸಾಕು, ಈ ಜನ್ಮಕ್ಕೆ ಇನ್ನೇನೂ ಬೇಡ ಎಂದು ಮನಸ್ಸಿನಲ್ಲೇ ಹರಕೆಯನ್ನೂ ಹೊತ್ತ.

ದಕ್ಷಿಣಕ್ಕೆ ಡ್ರೈವ್ ಮಾಡಿಕೊಂಡೇ ಬಂದರು. ಹಿಂದಿನ ಸೀಟಿನಲ್ಲಿ ಕೋಟು ಹ್ಯಾಂಗರಿಗೆ ತೂಗಿ, ಇಬ್ಬರು ಪ್ರಯಾಣಿಕರ ಜಾಗ ಹಿಡಿದಿತ್ತು. ಸೌತ್ ಕ್ಯಾರೊಲೈನಾದ ಗ್ಯಾಫ್ನಿಯಲ್ಲಿ ಹೆದ್ದಾರಿಯ ಪಕ್ಕದಲ್ಲೇ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕೊಂದಿದೆ. ಒಂದು ಬದಿಯಿಂದ ನೋಡಿದರೆ ಹಣ್ಣು, ಇನ್ನೊಂದು ಬದಿಯಿಂದ ಮನುಷ್ಯನ ಹಿಂಭಾಗ. ವೇಣು ಅದರ ಮೇಲೆ ತೋಚಿದ್ದೆಲ್ಲ ಹೇಳಿದ. ಕಿಟ್ಟು ಬಹಳ ಹೊತ್ತು ಸುಮ್ಮನಿದ್ದು, “ಊರವರು ಪಾಪ, ಯಾವ ಕಡೆ ಮನೆ ಕಟ್ಟೋದು ಅಂತ ಯೋಚನೆ ಮಾಡಿರ್ತಾರೆ,” ಎಂದ. ವೇಣು ಸ್ಟೀರಿಂಗ್ ಗುದ್ದಿ ಗುದ್ದಿ ನಕ್ಕ.

“ಲೋ, ಇದನ್ನ ಯುಗಾದಿಗೆ ಇಟ್ಕೊಳೋಣ. ನಾನು ಹೇಳ್ತೀನಿ.”

“ಹೇಳು,” ಎಂದ ಕಿಟ್ಟು.

*

ಮಧ್ಯಾಹ್ನದ ಹೊತ್ತಿಗೆ ನಿರ್ದೇಶಕಿ ತಾನೇ ಎದ್ದು ಕೌಂಟರಿನ ಬಳಿ ಬಂದಳು. ಸಿನಿಮಾದಲ್ಲಿ ಇದು ಹೆಣ್ಣು ನೋಡುವ ಶಾಸ್ತ್ರವಲ್ಲ. ಮೋಟೆಲ್ಲಿನಲ್ಲಿ ಖಾಲಿ ಇರುವ ಒಂದು ಕೆಲಸಕ್ಕೆ ಒಂದೇ ಕೋಟಿನಲ್ಲಿ ಬಂದ ಅಣ್ಣತಮ್ಮಂದಿರು. ಮಾಲೀಕನ ಪಾತ್ರದ ಭಾರಿ ಆಸಾಮಿ ಕೌಂಟರಿನ ಆಚೆ ಬೆವರು ಒರೆಸಿಕೊಳ್ಳುತ್ತಿದ್ದ.

“ವೇಣು, ನೀವು ಸ್ವಲ್ಪ ಕೂತುಕೊಳ್ಳಿ,” ಎಂದಳು ಅವಳು, ಅವನ ಹೆಸರನ್ನು ಕಷ್ಟಪಟ್ಟು ಸರಿಯಾಗಿ ಉಚ್ಚರಿಸುತ್ತ. “ಒಂದು ಸಲ ಇವರೊಬ್ಬರನ್ನೇ ನಿಲ್ಲಿಸಿ ನೋಡ್ತೀನಿ. ಬೆಳಕಿಗೋಸ್ಕರ.”

ಬೆಳಕಿಗೋಸ್ಕರವಲ್ಲ ಎಂಬುದು ಅವಳ ಕಣ್ಣಿನಲ್ಲೇ ಇತ್ತು. ವೇಣು ಎಡತೋಳಿನಿಂದ ಕೈ ಎಳೆದುಕೊಂಡ. ಬೆನ್ನ ಹಿಂದಿನ ಸೀಳಿನಿಂದ ಬಲಗೈಯನ್ನೂ ತೆಗೆದ. ಬೆರಳು ಜೋಮು ಹಿಡಿದಿದ್ದವು. ಯಾರೋ ಹುಡುಗಿ ಅವನನ್ನು ಮಾನಿಟರಿನ ಮುಂದೆ ಮಡಚುವ ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ತಣ್ಣನೆಯ ನೀರಿನ ಬಾಟಲಿ ಕೊಟ್ಟಳು. ಎಷ್ಟು ಉಪಚಾರ! ಬೇಡವಾದವರಿಗೆ ಇಲ್ಲಿ ಉಪಚಾರ ಒಂದು ಹಿಡಿ ಹೆಚ್ಚೇ.

ಮಾನಿಟರಿನಲ್ಲಿ ಕಿಟ್ಟುವಿನ ಮುಖ ಬಂತು.

ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ನಿಂತವನು ವೇಣು. ಎದುರಿನಿಂದ ನೋಡಿದವನಲ್ಲ. ಇಬ್ಬರೂ ಸಭೆಗೆ ಮುಖಮಾಡಿ ನಿಲ್ಲಬೇಕಲ್ಲ, ಪರಸ್ಪರ ನೋಡಿಕೊಳ್ಳುವುದೆಲ್ಲಿ? ಶ್ರಾವಣಿಯ ವಿಡಿಯೋ ನೂರಾರು ಸಲ ನೋಡಿದ್ದರೂ ಆಗೆಲ್ಲ ಅವನ ಕಣ್ಣು ತನ್ನ ಮೇಲೆಯೇ ಇತ್ತು. ವೇಷ ಹಾಕಿದ ಯಾರ ಕಣ್ಣಾದರೂ ಹಾಗೆಯೇ, ಅದರಲ್ಲಿ ಇವನ ತಪ್ಪೇನೂ ಇಲ್ಲ. ಈಗ ಬೇರೆ ನೋಡಲು ಏನೂ ಇಲ್ಲವಾಗಿ ಕಿಟ್ಟುವನ್ನು ನೋಡಿದ.

ಇಬ್ಬರ ಅಗಲದ ಕೋಟಿನಲ್ಲಿ ಒಬ್ಬ ಮನುಷ್ಯ. ಎಡತೋಳು ಖಾಲಿ, ಮೊಣಕಾಲಿನ ತನಕ ಜೋತುಬಿದ್ದಿದೆ. ಮುಖದಲ್ಲಿ ಏನೂ ಇಲ್ಲ, ಅಥವಾ ಏನೂ ಇಲ್ಲದಂತೆ ಕಾಣಿಸಲು ಆ ಮುಖ ಪಡುತ್ತಿರುವ ಪಾಡೆಲ್ಲ ಅಲ್ಲಿದೆ. ಮರ್ಯಾದಸ್ಥನೊಬ್ಬ ಮರ್ಯಾದೆ ಹೋಗುತ್ತಿರುವುದು ಗೊತ್ತಾಗಿಯೂ ಗೊತ್ತಾಗದಂತೆ ನಿಂತಿದ್ದಾನೆ. ಮಾಲೀಕ ಬಂದು ಅವನನ್ನು ನೋಡಿದ, ಕೋಟು ನೋಡಿದ, ಇಬ್ಬರಿಗೆಂದು ಬರೆದ ಮಾತು ಹೇಗೆ ಆಡುವುದೆಂದು ತಿಳಿಯದೆ ಬಾಯಿಗೆ ಬಂದದ್ದು ಕೇಳಿದ: “ಇನ್ನೊಬ್ಬ ಎಲ್ಲಿ?”

ಕಿಟ್ಟು ಬಾಗಿಲ ಕಡೆ ನೋಡಿದ. ಖಾಲಿ ತೋಳನ್ನು ನೋಡಿದ. ಬಲಗೈಯಿಂದ ಅದನ್ನು ಮೆಲ್ಲಗೆ ಎತ್ತಿ ಕೌಂಟರಿನ ಮೇಲಿಟ್ಟು, ಸುಕ್ಕು ಹೋಗುವಂತೆ ಸವರಿದ. ಸುಮ್ಮನಾದ. ಎಷ್ಟು ಹೊತ್ತು ಸುಮ್ಮನಿರಬೇಕೋ ಅಷ್ಟೇ ಹೊತ್ತು. ಅವನ ಬೆನ್ನ ಹಿಂದೆ ಯಾರ ಕೈಯೂ ಇರಲಿಲ್ಲ.

“ಬರ್ತಾನೆ,” ಎಂದ.

ಇಂಗ್ಲಿಷಿನಲ್ಲಿ ಹೇಳಬೇಕೆಂಬುದನ್ನೂ ಮರೆತು ಅಚ್ಚ ಕನ್ನಡದಲ್ಲಿ ಹೇಳಿದ್ದ. ಕ್ಯಾಮೆರಾದವನ ಭುಜ ಕುಲುಕುತ್ತಿತ್ತು. ಮೈಕಿನ ಕೋಲು ಹಿಡಿದವಳು ಕೆಳತುಟಿ ಕಚ್ಚಿಕೊಂಡಿದ್ದಳು. ‘ಕಟ್’ ಎಂದದ್ದೇ ತಡ, ಬೆಳಗಿನಿಂದ ಹಿಡಿದಿಟ್ಟ ನಗುವೆಲ್ಲ ಮುಂಗೋಣೆಯಲ್ಲಿ ಒಮ್ಮೆಲೇ ಸ್ಫೋಟಿಸಿತು. ವೇಣು ಬೆಳಗಿನಿಂದ ಕಾದದ್ದು ಈ ನಗುವಿಗೇ. ಎಲ್ಲರಿಗಿಂತ ಮೊದಲು ನಕ್ಕವನೂ ಅವನೇ. ಗಟ್ಟಿಯಾಗಿ, ಬಾಟಲಿಯ ನೀರು ತೊಡೆಯ ಮೇಲೆ ಚೆಲ್ಲುವಂತೆ ನಕ್ಕುಬಿಟ್ಟ. ನಕ್ಕಾದ ಮೇಲೆ ತಾನು ನಕ್ಕದ್ದು ಯಾವುದಕ್ಕೆ ಎಂದು ಹೊಳೆಯಿತು.

ತಾನಿಲ್ಲದಿರುವುದಕ್ಕೆ.

ಹೊಟ್ಟೆಕಿಚ್ಚಾಗಿದ್ದರೆ ಒಳ್ಳೆಯದಿತ್ತು. ಹೊಟ್ಟೆಕಿಚ್ಚು ಪಟ್ಟು ಅಭ್ಯಾಸವಿರುತ್ತದೆ, ಬೈದು ಹಗುರಾಗಬಹುದು. ಇದು ಹಾಗಲ್ಲ. ಹಿಂದಿನ ಒಂದೊಂದು ದೀಪಾವಳಿ, ಒಂದೊಂದು ಸಂಕ್ರಾಂತಿ ನೆನಪಾಗತೊಡಗಿತು. ತಾನು ಬಡಬಡಿಸುತ್ತಿದ್ದಾಗ ಮುಂದಿನ ಸಾಲಿನವರ ಕಣ್ಣು ಎಲ್ಲಿರುತ್ತಿತ್ತು? ತನ್ನ ಮೇಲಲ್ಲ, ತುಸು ಬಲಕ್ಕೆ. ಆ ನೋಟ ಅವನಿಗೆ ಆಗಲೂ ಕಂಡಿತ್ತು. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿರಬೇಕು ಎಂದುಕೊಂಡಿದ್ದ. ಅವರು ನಗುತ್ತಿದ್ದುದು ತನ್ನ ಮಾತಿಗಲ್ಲ, ಆ ಮಾತನ್ನೆಲ್ಲ ಕೇಳಿಸಿಕೊಳ್ಳಬೇಕಾದ ಕರ್ಮಕ್ಕೆ ಸಿಕ್ಕಿಕೊಂಡ ಮುಖಕ್ಕೆ. ನಿರ್ದೇಶಕಿ ಬಂದು ಅವನ ಭುಜದ ಮೇಲೆ ಕೈಯಿಟ್ಟು, ಕೋಟು ತುಂಬ ಚೆನ್ನಾಗಿದೆ, ಯಾರು ಹೊಲಿದರು ಎಂದು ಕೇಳಿದಳು.

“ನನ್ನ ಹೆಂಡತಿ,” ಎಂದ.

*

ಉಳಿದುಕೊಂಡಿದ್ದು ಅಟ್ಲಾಂಟಾ ಹತ್ತಿರದ ಆಲ್ಫರೆಟಾದಲ್ಲಿ, ಕಿಟ್ಟುವಿನ ಅಕ್ಕನ ಮಗ ಸಮರ್ಥನ ಮನೆಯಲ್ಲಿ. ಸಂಜೆ ಸಮರ್ಥ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಕುರ್ಚಿ ಹಾಕಿ, ಖಾರದ ಅವಲಕ್ಕಿ ತಂದಿಟ್ಟ.

“ಹೌ ವಾಸ್ ಇಟ್, ಮಾಮಾ? ವೇಣು ಅಂಕಲ್, ಫುಲ್ ರಾಕ್ ಮಾಡಿದ್ರಾ?”

“ನಿಮ್ಮ ಮಾಮ ರಾಕ್ ಮಾಡ್ದ,” ಎಂದ ವೇಣು. “ನಾನು ರಾಕ್ ಥರ ಕೂತಿದ್ದೆ.”

ಸಮರ್ಥ ನಕ್ಕು, ಯಾವುದೋ ಕಾಲ್ ಇದೆಯೆಂದು ಒಳಗೆ ಹೋದ. ಹಿತ್ತಲಿನ ಪೈನ್ ಮರಗಳ ನಡುವೆ ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದರು. ಕಿಟ್ಟು ಅವಲಕ್ಕಿಯಿಂದ ಕಡಲೆಬೀಜ ಆರಿಸಿ ಆರಿಸಿ ಬದಿಗಿಡುತ್ತಿದ್ದ. ಅವನಿಗೆ ಕಡಲೆಬೀಜ ಇಷ್ಟ, ಕೊನೆಗೆ ತಿನ್ನುತ್ತಾನೆ.

“ಏನಂದ್ಲು ಅವಳು?” ಎಂದು ವೇಣು ಕೇಳಿದ, ಗೊತ್ತಿಲ್ಲದವನಂತೆ.

“ಈ ವಾರವೆಲ್ಲ ಇರ್ಬೇಕಂತೆ. ಸಿನಿಮಾದಲ್ಲಿ ಆಗಾಗ ತೋರಿಸ್ತಾರಂತೆ. ಯಾರು ಬಂದು ಹೋದ್ರೂ ನಾನು ಅಲ್ಲೇ ಕೂತು ಅವನಿಗೆ ಕಾಯ್ತಾ ಇರೋದು.”

“ಯಾರಿಗೆ?”

“ಅವನಿಗೆ. ಇನ್ನೊಬ್ಬನಿಗೆ.” ಕಿಟ್ಟು ಕತ್ತೆತ್ತಲಿಲ್ಲ. “ನಿನ್ನ ಕೇಳಿ ಹೇಳ್ತೀನಿ ಅಂದೆ.”

“ನನ್ನನ್ಯಾಕೆ ಕೇಳ್ತೀಯ?”

“ಯಾವತ್ತು ನಿನ್ನ ಕೇಳದೆ ಮಾಡಿದೀನಿ?”

ವೇಣು ಕಾದ. ಇಬ್ಬರಿಗೂ ಕೊಡುವುದಾದರೆ ಕೊಡಿ, ಇಲ್ಲದಿದ್ದರೆ ಇಬ್ಬರೂ ಹೋಗ್ತೀವಿ ಅಂತ ಹೇಳಿಬಿಡ್ತೀನಿ ಕಣೋ ಎಂದು ಕಿಟ್ಟು ಹೇಳುತ್ತಾನೆ. ಹೇಳಿಯೇ ಹೇಳುತ್ತಾನೆ. ಆಗ ತಾನು, ‘ಹುಚ್ಚುಚ್ಚಾಗಿ ಆಡಬೇಡ, ಉಳ್ಕೋ’ ಎಂದು ಗದರಬೇಕು. ದೊಡ್ಡ ಮನಸ್ಸು ತೋರಿಸಲು ಅಷ್ಟು ಅವಕಾಶ ಸಿಕ್ಕರೆ ಸಾಕು, ಈ ದಿನವನ್ನು ಹೇಗಾದರೂ ನುಂಗಿಕೊಳ್ಳಬಹುದು. ಮಾತನ್ನು ನಾಲಿಗೆಯ ತುದಿಯಲ್ಲೇ ಸಿದ್ಧ ಇಟ್ಟುಕೊಂಡು ಕೂತ. ಹುಲ್ಲಿನ ಯಂತ್ರ ನಿಂತಿತು. ಕಿಟ್ಟು ಕಡಲೆಬೀಜಗಳನ್ನೆಲ್ಲ ಅಂಗೈಗೆ ಸುರಿದುಕೊಂಡ.

“ಚೆನ್ನಾಗಿತ್ತು ಕಣೋ ಇವತ್ತು,” ಎಂದ ಕೊನೆಗೆ.

“ಏನು ಚೆನ್ನಾಗಿತ್ತು?”

“ಮನೆಗೆ ಬಂದು ಶರ್ಟ್ ಬಿಚ್ಚಿ ನೋಡ್ದೆ. ಇಷ್ಟು ವರ್ಷದಲ್ಲಿ ಮೊದಲ್ನೇ ಸಲ, ಬೆವರಿಗೆ ಒದ್ದೆಯಾಯ್ತು ಅಂತ ಮಧ್ಯಾಹ್ನದ ಮೇಲೆ ಬದಲಾಯಿಸಿ ಹಾಕ್ಕೊಂಡ ಶರ್ಟಿನ ಬೆನ್ನು ಮುದುರಿರಲಿಲ್ಲ.”

ಕೆಟ್ಟದ್ದು ಹೇಳಬೇಕೆಂದು ಹೇಳಿದ ಮಾತಲ್ಲ ಅದು. ಕಿಟ್ಟುವಿಗೆ ಕೆಟ್ಟದ್ದು ಹೇಳಲು ಬರುವುದಿಲ್ಲ. ಅದಕ್ಕೇ ಅದು ನೆಟ್ಟಗೆ ಬಂದು ತಗುಲಿತು. ವೇಣು ಎದ್ದು, ಕುರ್ಚಿ ಸರಿಯಾಗಿಯೇ ಇದ್ದರೂ ಮತ್ತೆ ಸರಿಮಾಡಿ ಇಟ್ಟ.

“ಉಳ್ಕೋ,” ಎಂದ. “ನಂಗೂ ಆಫೀಸಲ್ಲಿ ಆಡಿಟ್ ಇದೆ. ನಾನು ನಾಳೆ ಹೊರಡ್ತೀನಿ. ಕೋಟು ಇಲ್ಲೇ ಇರ್ಲಿ, ನಿಂಗೆ ಬೇಕಾಗುತ್ತೆ.”

“ಒಬ್ನೇ ಅಷ್ಟು ದೂರ ಡ್ರೈವ್ ಮಾಡ್ತೀಯಾ?”

“ಮಾಡ್ತೀನಿ ಬಿಡೋ.”

ಮರುದಿನ ಹಿಂದಿನ ಸೀಟಿನಲ್ಲಿ ಖಾಲಿ ಹ್ಯಾಂಗರು ತಿರುವು ತಿರುವಿಗೂ ಗಾಜಿಗೆ ಬಡಿಯುತ್ತಿತ್ತು. ತೆಗೆದು ಕೆಳಗೆ ಹಾಕಬಹುದಿತ್ತು, ಹಾಕಲಿಲ್ಲ. ಗ್ಯಾಫ್ನಿಯ ಟ್ಯಾಂಕು ಈ ಸಲ ಇನ್ನೊಂದು ಬದಿಯಿಂದ ಕಂಡಿತು. ಕಿಟ್ಟುವಿನ ಮಾತನ್ನು ಗಟ್ಟಿಯಾಗಿ ಹೇಳಿ ನೋಡಿದ. “ಊರವರು ಪಾಪ, ಯಾವ ಕಡೆ ಮನೆ ಕಟ್ಟೋದು ಅಂತ ಯೋಚನೆ ಮಾಡಿರ್ತಾರೆ.” ಕಾರಿನೊಳಗೆ ಅದರಲ್ಲಿ ನಗುವಂಥದ್ದು ಏನೂ ಉಳಿದಿರಲಿಲ್ಲ. ತುಸು ನಿಧಾನವಾಗಿ ಇನ್ನೊಂದು ಸಲ ಹೇಳಿದ. ಮುಖ ಬಿಗಿಹಿಡಿದು ಮತ್ತೊಂದು ಸಲ ಹೇಳಿದ. ಷಾರ್ಲಟ್ ದಾಟುವ ಹೊತ್ತಿಗೆ ಬಿಟ್ಟುಬಿಟ್ಟ.

ನಾರ್ತ್ ಕ್ಯಾರೊಲೈನಾದ ಒಂದು ರೆಸ್ಟ್ ಏರಿಯಾದಲ್ಲಿದ್ದಾಗ ಮೈಥಿಲಿಯ ಫೋನು ಬಂತು.

“ಹೇಗಾಯ್ತು ರೀ? ನೆನ್ನೆಯಿಂದ ಒಂದು ಮೆಸೇಜೂ ಇಲ್ಲ.”

“ಚೆನ್ನಾಗಾಯ್ತು. ಕೋಟು ಎಲ್ಲರಿಗೂ ತುಂಬಾ ಇಷ್ಟ ಆಯ್ತು. ಯಾರು ಹೊಲಿದಿದ್ದು ಅಂತ ಕೇಳಿದ್ರು.”

“ನಿಮ್ಮದು ಹೇಗಾಯ್ತು ಅಂದೆ.”

ಎದುರಿನ ಬೆಂಚಿನಲ್ಲಿ ಒಂದು ಸಂಸಾರ ಸ್ಯಾಂಡ್‌ವಿಚ್ ತಿನ್ನುತ್ತಿತ್ತು. ಅವರ ಮುಂದೆ ಅಳುವುದು ಚೆನ್ನಾಗಿರುವುದಿಲ್ಲವೆಂದು ವೇಣು ಕಾರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ. “ಬಂದು ಹೇಳ್ತೀನಿ ಮೈಥಿಲಿ,” ಎಂದು ಫೋನಿಟ್ಟ.

ಬಂದು ಹೇಳಲಿಲ್ಲ. ಅವಳು ಕಿಟ್ಟುವಿನ ಹೆಂಡತಿ ರತ್ನಳಿಂದ ತಿಳಿದುಕೊಂಡಳು.

*

ಸಿನಿಮಾ ಬರಲು ವರ್ಷದ ಮೇಲಾಯಿತು. ಅಷ್ಟರಲ್ಲಿ ಕಿಟ್ಟುವಿಗೆ ಇನ್ನೆರಡು ಕಡೆಯಿಂದ ಕರೆ ಬಂದಿತ್ತು. ಆಲ್ಡಿಯ ಮನೆಯ ಬೇಸ್‌ಮೆಂಟಿನಲ್ಲಿ ಬೂದುಬಣ್ಣದ ಪರದೆ, ಉಂಗುರದಂಥ ದೀಪ ಬಂದು ಕೂತವು. ಮೊದಮೊದಲು ಆಡಿಷನ್ನಿನ ವಿಡಿಯೋ ತೆಗೆಯುವಾಗ ಎದುರಿನವರ ಮಾತು ಓದಿಕೊಡಲು ವೇಣುವನ್ನು ಕರೆಯುತ್ತಿದ್ದ. ವೇಣು ಎರಡು ಸಲ ಹೋದ. ಕ್ಯಾಮೆರಾದ ಈಚೆ ನಿಂತು ಓದುವಾಗ, ಎಷ್ಟು ತಡೆದರೂ ಅವನ ದನಿ ಏರುತ್ತಿತ್ತು. “ಸ್ವಲ್ಪ ಸಣ್ಣಗೆ ಓದೋ,” ಎಂದ ಕಿಟ್ಟು. ಮೂರನೆಯ ಸಲ ರತ್ನಳೇ ಓದಿದಳಂತೆ. ಆ ಚಳಿಗಾಲ ಸಂಕ್ರಾಂತಿಗೆ ವೇಣು ಒಬ್ಬನೇ ವೇದಿಕೆ ಹತ್ತಿ ಪೀಚ್ ಟ್ಯಾಂಕಿನ ಪ್ರಸಂಗ ಹೇಳಿದ. ಜನ ಒಳ್ಳೆಯವರು, ಚಪ್ಪಾಳೆ ತಟ್ಟಿದರು. ಇಳಿದು ಬಂದಾಗ ಸಂಘದ ಕಾರ್ಯದರ್ಶಿ ಶ್ರೀಲತಾ, “ಪಾಪ, ಒಬ್ರೇ ಕಷ್ಟ ಅಲ್ವಾ ಅಂಕಲ್?” ಎಂದಳು. ಅದಾದ ಮೇಲೆ ಅವನು ಹತ್ತಲಿಲ್ಲ.

ಆ ಶ್ರೀಲತಾಳೇ ಸಿನಿಮಾ ಬಂದಾಗ ಆಲ್ಡಿ ಪಕ್ಕದ ಆಶ್‌ಬರ್ನ್ ಕಡೆಯ ಥಿಯೇಟರಿನಲ್ಲಿ ಒಂದು ಭಾನುವಾರ ಮಧ್ಯಾಹ್ನಕ್ಕೆ ಸಂಘದವರಿಗಾಗಿ ಒಂದು ಸ್ಕ್ರೀನು ಬಾಡಿಗೆಗೆ ಹಿಡಿದಳು. ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದರು. ಯಾರೋ ಕಿಟ್ಟುವಿಗೆ ಏಲಕ್ಕಿ ಹಾರ ಹಾಕಿದರು. ಹಾರದಲ್ಲಿ ಅವನ ಮುಖ ಎಂದಿನಂತೆ ಏನೂ ಆಗದವರ ಮುಖವಾಗಿತ್ತು. ಅವನು ಗುಂಪನ್ನು ಬಿಡಿಸಿಕೊಂಡು ಬಂದು ವೇಣುವಿನ ಎದುರು ನಿಂತ.

“ನನ್ನ ಪಕ್ಕ ಕೂತ್ಕೊಳ್ಳೋ. ಸೀಟ್ ಇಟ್ಟಿದೀನಿ.”

“ಮೈಥಿಲಿಗೆ ಹಿಂದಿನ ಸೀಟೇ ಬೇಕಂತೆ, ಕಣ್ಣು ನೋಯುತ್ತೆ ಅಂತಾಳೆ.”

ಮೈಥಿಲಿ ಹೌದೆನ್ನುವಂತೆ ತಲೆ ಆಡಿಸಿದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಹಿಂದಿನ ಸಾಲಿನ ಮೂಲೆಯಲ್ಲಿ ವೇಣುವಿನ ಬಲಕ್ಕೆ ಕೂತಳು. ದೀಪ ಆರಿತು.

ಸಿನಿಮಾ ಬೇರೆ ಯಾರದೋ ಕಥೆ. ಓಡಿಹೋಗಿ ಮೋಟೆಲ್ಲು ಸೇರಿದ ಒಬ್ಬ ಹುಡುಗಿ, ಅವಳನ್ನು ಹುಡುಕುತ್ತ ಬರುವ ತಂದೆ. ಸಂಘದವರು ಅದನ್ನು ಸೌಜನ್ಯದಿಂದ ನೋಡಿದರು. ಬಹಳ ಹೊತ್ತಿಗೆ ಮೋಟೆಲ್ಲಿನ ಬಾಗಿಲು ತೆರೆದುಕೊಂಡು ಆ ಕಂದು ಕೋಟು ಒಳಗೆ ಬಂದದ್ದೇ ಹಾಲಿನಲ್ಲಿ ಶಿಳ್ಳೆ ಬಿತ್ತು. ಆ ಕೋಟನ್ನು ಗುರುತಿಸದವರು ಅಲ್ಲಿ ಯಾರೂ ಇರಲಿಲ್ಲ. ಇನ್ನೊಬ್ಬ ಬರುವನೇನೋ ಎಂದು ಕೆಲವರು ಬಾಗಿಲ ಕಡೆಯೇ ನೋಡಿರಬೇಕು. ಬಾಗಿಲು ಮುಚ್ಚಿಕೊಂಡಿತು.

“ಇನ್ನೊಬ್ಬ ಎಲ್ಲಿ?” ಎಂದು ಮಾಲೀಕ ಕೇಳಿದ.

ಕಿಟ್ಟು ಖಾಲಿ ತೋಳನ್ನು ಎತ್ತಿ ಕೌಂಟರಿನ ಮೇಲಿಟ್ಟ. ಥಿಯೇಟರಿನ ಎತ್ತರಕ್ಕೆ ಆ ತೋಳು ಒಂದು ಆಳಿನಷ್ಟು ಉದ್ದವಿತ್ತು. ನಗು ಎದ್ದಿತು. ಮಕ್ಕಳು, ಹೆಂಗಸರು, ಸೋಡಾಬುಡ್ಡಿ ಕನ್ನಡಕದ ಹಿರಿಯ ಡಾಕ್ಟರುಗಳು, ಎಲ್ಲರೂ ನಕ್ಕರು. ಎಂಥ ನಗು! ಗೈದರ್ಸ್‌ಬರ್ಗ್‌ನ ಆ ಮೊದಲ ಯುಗಾದಿಯಲ್ಲಿ ಎದ್ದಿತ್ತಲ್ಲ, ಅದೇ. ಇಳಿಯುವ ಸೂಚನೆಯೇ ಇರಲಿಲ್ಲ, ಇನ್ನೂ ಏರುತ್ತಿತ್ತು. ಈಗ ಮಾತಾಡಿದರೆ ಮುಳುಗಿಹೋಗುತ್ತದೆ. ತಡಿ. ಇನ್ನೂ ತಡಿ.

ತೆರೆಯ ಮೇಲೆ ಕಿಟ್ಟುವಿನ ತುಟಿ ಅಲುಗಿತು. ಆ ಸಾಲು ಯಾರಿಗೂ ಕೇಳಿಸಲಿಲ್ಲ. ಸಿನಿಮಾ ಯಾರಿಗೂ ಕಾಯದೆ ಮುಂದಿನ ದೃಶ್ಯಕ್ಕೆ ಹೋಯಿತು, ಮಳೆ ಬೀಳುತ್ತಿರುವ ರಸ್ತೆಯಲ್ಲಿ ಹುಡುಗಿಯ ತಂದೆ ಕಾರು ನಿಲ್ಲಿಸುತ್ತಿದ್ದ. ಹಾಲಿನಲ್ಲಿ ನಗು ಇನ್ನೂ ಇತ್ತು.

ಮೈಥಿಲಿ ಕೆಳಗೆ ನೋಡಿದಳು. ವೇಣುವಿನ ಬಲಗೈ ಅವಳ ಬೆನ್ನ ಹಿಂದಿನಿಂದ ಬಂದು ಸೆರಗನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಹೊಸ ರೇಷ್ಮೆ, ಬೆರಳ ಗೆಣ್ಣು ಬಿಳುಪೇರುವಂತೆ ಹಿಡಿದಿದ್ದ. ಅವನ ಕಣ್ಣು ತೆರೆಯ ಮೇಲೇ ಇತ್ತು. ನಗುವೆಲ್ಲ ಅಡಗಿ, ಯಾರೋ ಕೆಮ್ಮಿ, ಹಾಲು ಪೂರ್ತಿ ನಿಶ್ಶಬ್ದವಾದ ಮೇಲೂ ಆ ಮುಷ್ಟಿ ಸಡಿಲವಾಗಲಿಲ್ಲ. ಅವಳು ಬಿಡಿಸಿಕೊಳ್ಳಲು ಹೋಗಲಿಲ್ಲ. ಸೆರಗು ಎಳೆಯದ ಹಾಗೆ, ಸ್ವಲ್ಪ ಅವನ ಕಡೆಗೆ ವಾಲಿ ಕೂತಳು.